ಸೂಚನಾಫಲಕದಿಂದ ವಾಟ್ಸ್ಯಾಪ್ ಗುಂಪಿನವರೆಗೆ

ಸಾಮಾಜಿಕ ಜಾಲತಾಣಗಳೆಂದರೆ ಎಲ್ಲಿಂದಲೋ ಬಂದು ನಮ್ಮ ಕಾಲೇಜುಗಳ ಆವರಣಕ್ಕೆ ನುಗ್ಗಿದ ಪಿಡುಗು ಎಂಬಂತೆ ಮಾತನಾಡುವವರು ಬಹಳ ಮಂದಿ. ವಾಸ್ತವ ಸಂಗತಿ ಬೇರೆ. ಅವುಗಳಲ್ಲಿ ಅತಿ ದೊಡ್ಡದೆನಿಸಿಕೊಂಡ ಫೇಸ್‌ಬುಕ್ ಜನಿಸಿದ್ದೇ ಒಂದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಮಾರ್ಕ್ ಜುಕರ್‌ಬರ್ಗ್ ೨೦೦೩ರ ಕೊನೆಯ ಭಾಗದಲ್ಲಿ ‘ಫೇಸ್‌ಮ್ಯಾಶ್’ ಎಂಬುದೊಂದನ್ನು ಸಿದ್ಧಪಡಿಸಿದ. ವಿದ್ಯಾರ್ಥಿನಿಲಯಗಳು ತಮ್ಮ ನಿವಾಸಿಗಳ ಗುರುತಿಗಾಗಿ ಇರಿಸಿಕೊಂಡಿದ್ದ ಭಾವಚಿತ್ರಗಳನ್ನು ಅವರಾರ ಅನುಮತಿಯೂ ಇಲ್ಲದೆ ತೆಗೆದುಕೊಂಡು, ಎರಡೆರಡು ಮುಖಗಳನ್ನು ಅಕ್ಕಪಕ್ಕದಲ್ಲಿರಿಸಿ, ಇವರಲ್ಲಿ ಯಾರು ಹೆಚ್ಚು ಚೆಂದ ಎಂದು ಮತ ಕೇಳುವ ಆಟವದು. ವಿದ್ಯಾರ್ಥಿನಿಯರು ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಅದು ಮುಚ್ಚಿತು; ಶಿಸ್ತಿನ ಮಂಡಳಿಯವರು ಆತನನ್ನು ಕರೆಸಿ ವಿಚಾರಿಸಿದರು, ಹೊರಗೆ ಹಾಕಲಿಲ್ಲ. ೨೦೦೪ರ ಫೆಬ್ರವರಿ ೪ರಂದು ಅದೇ ಹುಡುಗ ಫೇಸ್‌ಬುಕ್ಕನ್ನು ಆರಂಭಿಸಿದ. ಮೊದಲು ಹಾರ್ವರ್ಡ್‌ನ ಮಿಂಚಂಚೆ ವಿಳಾಸವುಳ್ಳವರಿಗೆ ಮಾತ್ರ ಪ್ರವೇಶ. ಬಳಿಕ ಇತರ ವಿಶ್ವವಿದ್ಯಾನಿಲಯಗಳಿಗೆ, ೨೦೦೫ರಲ್ಲಿ ಅಲ್ಲಿನ ಹೈಸ್ಕೂಲುಗಳಿಗೆ, ೨೦೦೬ರ ಸೆಪ್ಟೆಂಬರ್‌ನಲ್ಲಿ ಹದಿಮೂರು ತುಂಬಿದ ಎಲ್ಲರಿಗೂ ಬಾಗಿಲು ತೆರೆಯಿತು. ಸಹಪಾಠಿಯ ಮುಖ, ಹೆಸರು, ಅಭಿರುಚಿಗಳನ್ನು ಅರಿಯಬೇಕೆಂಬ ಸಹಜ ಕುತೂಹಲ, ಅದೇ ಮುಖವನ್ನು ಅವಳನ್ನು ಕೇಳದೆ ಹರಾಜಿಗಿಡುವ ಕುಚೋದ್ಯ, ಎರಡೂ ಒಂದೇ ಕೋಣೆಯಲ್ಲಿ, ಒಂದೇ ವರ್ಷದೊಳಗೆ ಹುಟ್ಟಿದವು. ವಿಶ್ವವಿದ್ಯಾನಿಲಯಗಳಿಗೆ ಈ ಕೂಸು ಪರಕೀಯವಲ್ಲ.

ಹೈಸ್ಕೂಲಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರಿಗೆ ವಿಶ್ವವಿದ್ಯಾನಿಲಯದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ನನ್ನ ಬಳಿ ಓದಿದವನೊಬ್ಬ ಈಗ ಒಂದು ವಿಶ್ವವಿದ್ಯಾನಿಲಯದಲ್ಲಿ ಸಹಾಯಕ ಪ್ರಾಧ್ಯಾಪಕ. ಜಾಲತಾಣಗಳ ಬಳಕೆಯ ಬಗ್ಗೆ ನಿಯಮಾವಳಿ ರಚಿಸಲು ಅಲ್ಲೊಂದು ಸಮಿತಿಯಾಗಿದೆ. ಸಮಿತಿಯೆಂದ ಮೇಲೆ ಬರೆಯುವ ಕೆಲಸ ಕಿರಿಯನ ಹೆಗಲಿಗೇ ಬೀಳುವುದು ಲೋಕರೂಢಿ. ಒಂದು ಭಾನುವಾರ ಆತ ನಾಲ್ಕು ಪುಟಗಳ ಕರಡನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. ‘ಸಾರ್, ಭಾಷೆ ತಿದ್ದಿಕೊಡಿ ಸಾಕು’ ಎಂದ. ಓದಿ ನೋಡಿದರೆ ವಾಕ್ಯಗಳೆಲ್ಲ ‘ಕೂಡದು’ ಎಂಬಲ್ಲಿಗೇ ಮುಗಿಯುತ್ತಿದ್ದವು. ವಿದ್ಯಾರ್ಥಿಗಳು ಗುಂಪು ರಚಿಸಕೂಡದು, ಸಂಸ್ಥೆಯ ಹೆಸರನ್ನು ಬಳಸಕೂಡದು, ಆವರಣದ ಚಿತ್ರಗಳನ್ನು ಹಂಚಕೂಡದು, ಅಧ್ಯಾಪಕರ ಬಗ್ಗೆ ಬರೆಯಕೂಡದು. ‘ಭಾಷೆಯಲ್ಲಿ ತಪ್ಪಿಲ್ಲ ಕಣಯ್ಯ. ಆದರೆ ನಿಮ್ಮ ಹುಡುಗರು ಇದನ್ನು ಓದಿದ ಮರುಗಳಿಗೆಯಲ್ಲೇ ಇದರ ಫೋಟೋ ತೆಗೆದು, ನೀವು ಕೂಡದೆಂದ ಗುಂಪಿನಲ್ಲೇ ಹಾಕಿಕೊಂಡು ನಗುತ್ತಾರೆ’ ಎಂದೆ. ಅವನೂ ನಕ್ಕ. ಆಮೇಲೆ ಮಧ್ಯಾಹ್ನದ ಊಟವಾಗಿ ಸಂಜೆಯ ಕಾಫಿಯವರೆಗೂ ನಾವಿಬ್ಬರೂ ಕುಳಿತು ಚರ್ಚಿಸಿದೆವು. ಆ ಚರ್ಚೆಯಲ್ಲಿ ಬಂದ ವಿಚಾರಗಳೇ ಈ ಬರಹ.

ಮೊದಲು ಕೆನಡಾ ದೇಶದ ಪ್ರಕರಣವೊಂದನ್ನು ಹೇಳಬೇಕು. ಟೊರಾಂಟೋ ನಗರದಲ್ಲಿ ಅಂದು ರಯರ್ಸನ್ ಎಂಬ ಹೆಸರಿದ್ದ ವಿಶ್ವವಿದ್ಯಾನಿಲಯವಿದೆ. ೨೦೨೨ರಿಂದ ಅದರ ಹೆಸರು ಟೊರಾಂಟೋ ಮೆಟ್ರೊಪಾಲಿಟನ್ ವಿಶ್ವವಿದ್ಯಾನಿಲಯ. ಅಲ್ಲಿನ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ರಸಾಯನಶಾಸ್ತ್ರದ ಮನೆಗೆಲಸದ ಲೆಕ್ಕಗಳನ್ನು ಚರ್ಚಿಸಲೆಂದು ಫೇಸ್‌ಬುಕ್ಕಿನಲ್ಲಿದ್ದ ಅಧ್ಯಯನ ಗುಂಪೊಂದನ್ನು ನಡೆಸುತ್ತಿದ್ದ. ಸದಸ್ಯರು ೧೪೬ ಮಂದಿ. ಆ ಲೆಕ್ಕಗಳಿಗೆ ಶೇಕಡಾ ಹತ್ತು ಅಂಕ ಮೀಸಲಾಗಿತ್ತು. ಪ್ರತಿಯೊಬ್ಬರೂ ಸ್ವತಂತ್ರವಾಗಿ ಮಾಡಬೇಕೆಂದು ಅಧ್ಯಾಪಕರು ತಿಳಿಸಿದ್ದರು. ಗುಂಪಿನ ವಿಷಯ ತಿಳಿದ ಮೇಲೆ ೨೦೦೮ರಲ್ಲಿ ಆ ಹುಡುಗನ ಮೇಲೆ ೧೪೭ ಆರೋಪಗಳನ್ನು ಹೊರಿಸಲಾಯಿತು. ಗುಂಪನ್ನು ನಡೆಸಿದ್ದಕ್ಕೆ ಒಂದು, ಸದಸ್ಯರ ತಲೆಗೊಂದರಂತೆ ೧೪೬! ವಿಶ್ವವಿದ್ಯಾನಿಲಯದಿಂದಲೇ ಹೊರಹಾಕುವ ಮಾತು ಎದ್ದಿತು. ಹುಡುಗನ ವಾದ ಸರಳವಾಗಿತ್ತು: ಗ್ರಂಥಾಲಯದ ಮೇಜಿನ ಸುತ್ತ ಕುಳಿತು ಚರ್ಚಿಸುವುದಕ್ಕೂ ಇದಕ್ಕೂ ವ್ಯತ್ಯಾಸವೇನು? ಕೊನೆಗೆ ವಿಚಾರಣಾ ಸಮಿತಿಯು ಆತನನ್ನು ಹೊರಹಾಕದೆ, ಆ ಮನೆಗೆಲಸಕ್ಕೆ ಮಾತ್ರ ಸೊನ್ನೆಯನ್ನು ಕೊಟ್ಟು, ಶೈಕ್ಷಣಿಕ ಪ್ರಾಮಾಣಿಕತೆಯ ಕುರಿತ ಕಾರ್ಯಾಗಾರವೊಂದಕ್ಕೆ ಹಾಜರಾಗಲು ಹೇಳಿತು.

ನಮ್ಮ ಕಾಲದಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಊರಿನ ದೇವಸ್ಥಾನದ ಜಗುಲಿಯ ಮೇಲೆ ಐದಾರು ಮಂದಿ ಲಾಟೀನಿನ ಸುತ್ತ ಕುಳಿತು ‘ಕಂಬೈನ್ಡ್ ಸ್ಟಡಿ’ ನಡೆಸುತ್ತಿದ್ದೆವು. ಯಾವ ಮೇಷ್ಟ್ರೂ ಅದನ್ನು ನಕಲು ಎನ್ನಲಿಲ್ಲ. ಆದರೂ ಆ ಹುಡುಗನ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಜಗುಲಿಯ ಮೇಲೆ ಹೇಳಿಕೊಟ್ಟದ್ದು ಬೆಳಗಾಗುವುದರೊಳಗೆ ಗಾಳಿಗೆ ಹೋಗುತ್ತಿತ್ತು. ನೆನಪಿನಲ್ಲಿ ಉಳಿದಷ್ಟೇ ನಮ್ಮದು. ಗುಂಪಿನಲ್ಲಿ ಬರೆದದ್ದು ಹಾಗೆಯೇ ಉಳಿಯುತ್ತದೆ, ಚರ್ಚೆಗೆ ಬಾರದವನೂ ಬಂದು ಎತ್ತಿಕೊಂಡು ಹೋಗಬಲ್ಲ. ಹಾಗೆಂದು ೧೪೭ ಆರೋಪಗಳೆಂಬುದು ಹುಚ್ಚುತನವೇ ಸರಿ. ‘ಸ್ವತಂತ್ರವಾಗಿ’ ಎಂಬ ಒಂದು ಮಾತಿನ ಅರ್ಥವ್ಯಾಪ್ತಿ ಎಲ್ಲಿಯವರೆಗೆ, ವಿಧಾನವನ್ನು ಚರ್ಚಿಸಬಹುದೇ, ಉತ್ತರವನ್ನು ಹೋಲಿಸಬಹುದೇ ಎಂದು ಲೆಕ್ಕ ಕೊಡುವ ದಿನವೇ ಎರಡು ಸಾಲು ಬರೆದು ಕೊಟ್ಟಿದ್ದರೆ, ಆ ಪ್ರಕರಣ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ. ನನ್ನ ಶಿಷ್ಯನ ಕರಡಿನ ಅಂಚಿನಲ್ಲಿ ನಾನು ಮೊದಲು ಬರೆಸಿದ್ದು ಇದನ್ನೇ: ಅಂಕಗಳುಳ್ಳ ಪ್ರತಿಯೊಂದು ಕೆಲಸದ ತಲೆಬರಹದ ಕೆಳಗೆ, ಎಷ್ಟು ಕೂಡಿ ಮಾಡಬಹುದು, ಎಷ್ಟು ಒಬ್ಬನೇ ಮಾಡಬೇಕು ಎಂಬುದು ಇರಲಿ.

ಈಗ ನಮ್ಮ ನೆರೆಯ ಪುಣೆಗೆ ಬರೋಣ. ಸಾಮಾಜಿಕ ಜಾಲವೆಂದರೆ ಹರಟೆ, ಫೋಟೋ ಎಂದಷ್ಟೇ ತಿಳಿಯಬೇಕಿಲ್ಲ. ಅಪರಿಚಿತರು ಕೂಡಿ ಬರೆಯುವ ವಿಕಿಪೀಡಿಯಾ ಕೂಡ ಅದೇ ಕುಲದ್ದು. ೨೦೧೧ರಲ್ಲಿ ವಿಕಿಮೀಡಿಯಾ ಪ್ರತಿಷ್ಠಾನದವರು ಪುಣೆಯ ಕೆಲವು ಕಾಲೇಜುಗಳಲ್ಲಿ, ವಿದ್ಯಾರ್ಥಿಗಳಿಂದ ಪಠ್ಯದ ಭಾಗವಾಗಿ ಇಂಗ್ಲಿಷ್ ವಿಕಿಪೀಡಿಯಾಕ್ಕೆ ಲೇಖನಗಳನ್ನು ಬರೆಯಿಸುವ ಯೋಜನೆಯನ್ನು ಆರಂಭಿಸಿದರು. ಉದ್ದೇಶ ಉದಾತ್ತ. ಮೇಷ್ಟ್ರೊಬ್ಬರೇ ಓದಿ ಮೂಲೆಗೆಸೆಯುವ ಅಸೈನ್‌ಮೆಂಟಿನ ಬದಲು ಲೋಕವೇ ಓದುವ ಬರಹ! ಆದದ್ದೇನು? ವಿದ್ಯಾರ್ಥಿಗಳು ಪಠ್ಯಪುಸ್ತಕಗಳಿಂದಲೂ ಇತರ ಜಾಲತಾಣಗಳಿಂದಲೂ ಪುಟಗಟ್ಟಲೆ ಎತ್ತಿ ಅಂಟಿಸಿದರು. ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕ ಸಂಪಾದಕರು ಆ ನಕಲನ್ನು ಹುಡುಕಿ ಅಳಿಸುವುದರಲ್ಲೇ ಸುಸ್ತಾದರು. ಅದೇ ವರ್ಷದ ನವೆಂಬರ್‌ನಲ್ಲಿ ಯೋಜನೆಯನ್ನು ನಿಲ್ಲಿಸಬೇಕಾಯಿತು.

ಇದಕ್ಕೆ ಹುಡುಗರನ್ನೇ ದೂರುವುದು ಸುಲಭ. ನಾನು ಮೂರು ದಶಕಗಳ ಕಾಲ ಪ್ರಬಂಧಗಳನ್ನು ತಿದ್ದಿದವನು; ಗೈಡಿನಿಂದ ಇಳಿಸಿದ ಪ್ರಬಂಧದ ವಾಸನೆ ಮೊದಲ ಸಾಲಿನಲ್ಲೇ ಹತ್ತುತ್ತದೆ (ನಿಮ್ಮಲ್ಲಿ ಕೆಲವರಿಗೆ ಈ ಮಾತು ಚೆನ್ನಾಗಿಯೇ ಗೊತ್ತು). ಆದರೆ ಪುಸ್ತಕದಲ್ಲಿರುವುದನ್ನು ಅಕ್ಷರಶಃ ಒಪ್ಪಿಸಿದವನಿಗೇ ಹೆಚ್ಚು ಅಂಕ ಕೊಡುತ್ತ ಬಂದದ್ದು ಯಾರು? ಹತ್ತು ಹನ್ನೆರಡು ವರ್ಷ ಹಾಗೆ ಬೆಳೆಸಿ, ಒಂದು ಬೆಳಗ್ಗೆ ‘ಸ್ವಂತ ವಾಕ್ಯದಲ್ಲಿ, ಆಧಾರ ಸಮೇತ ಬರೆ’ ಎಂದರೆ ಆ ಹುಡುಗ ಎಲ್ಲಿಂದ ತರಬೇಕು? ಪುಣೆಯಲ್ಲಿ ನೂರಾರು ವಿದ್ಯಾರ್ಥಿಗಳನ್ನು ಒಮ್ಮೆಲೇ ಇಳಿಸಿದ್ದರು. ಕೈಹಿಡಿದು ತೋರಿಸುವವರು ಸಾಲದಾದರು. ಈಜು ಬಾರದವರನ್ನು ದಂಡುಗಟ್ಟಿ ಹೊಳೆಗಿಳಿಸಿ ದಡದಲ್ಲಿ ಇಬ್ಬರು ನಿಂತಂತೆ.

ಅದೇ ಕೆಲಸ ನಮ್ಮ ಬೆಂಗಳೂರಿನಲ್ಲಿ ಬೇರೆಯ ರೀತಿಯಲ್ಲಿ ನಡೆಯಿತು. ೨೦೧೩ರಿಂದೀಚೆಗೆ ಕ್ರೈಸ್ಟ್ ವಿಶ್ವವಿದ್ಯಾನಿಲಯದಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಓದುವ ಪದವಿ ವಿದ್ಯಾರ್ಥಿಗಳಿಂದ ಆಯಾ ಭಾಷೆಯ ವಿಕಿಪೀಡಿಯಾಕ್ಕೆ ಬರೆಯಿಸುವ ಪದ್ಧತಿ ಬಂತು. ಬರೆದದ್ದನ್ನು ನೇರವಾಗಿ ವಿಶ್ವಕೋಶಕ್ಕೆ ಹಾಕದೆ ಮೊದಲು ‘ಪ್ರಯೋಗಪುಟ’ದಲ್ಲಿ ಇಡಿಸಿ, ನೋಡಿ, ತಿದ್ದಿ, ಬಳಿಕ ಮುಂದಕ್ಕೆ ದಾಟಿಸುವ ಕ್ರಮ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಾವು ಕಾಪಿ ಪುಸ್ತಕದಲ್ಲಿ ಬರೆಸಿ ಆಮೇಲೆ ಒಳ್ಳೆಯ ನೋಟುಬುಕ್ಕಿಗೆ ಇಳಿಸಲು ಹೇಳುತ್ತಿದ್ದೆವಲ್ಲ, ಹಾಗೆ. ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಲೇಖನಗಳ ನಡುವೆ ಹುಡುಗನೊಬ್ಬ ಬರೆದ ಹೊಸ ಪುಟಕ್ಕೆ ಜಾಗವೇ ಕಡಿಮೆ. ಕನ್ನಡದಲ್ಲಿ ಇನ್ನೂ ಬರೆಯದ ವಿಷಯಗಳೇ ಹೆಚ್ಚು. ತನ್ನ ಊರಿನ ಕೆರೆಯ ಬಗ್ಗೆ, ಒಂದು ಮರದ ಬಗ್ಗೆ ಹದಿನೆಂಟರ ಹುಡುಗಿ ಬರೆದ ಪುಟ ಮೊದಲ ಪುಟವೇ ಆಗಿಬಿಡಬಹುದು. ಮೈಸೂರು ವಿಶ್ವವಿದ್ಯಾನಿಲಯವಂತೂ ದಶಕಗಳ ವಿದ್ವತ್ ಶ್ರಮದಿಂದ ಹೊರತಂದ ತನ್ನ ಕನ್ನಡ ವಿಶ್ವಕೋಶವನ್ನು ೨೦೧೪ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿ ದೊಡ್ಡ ಮನಸ್ಸನ್ನು ತೋರಿತು. ಈ ಅವಕಾಶಗಳ ಸುದ್ದಿ ನನ್ನ ಶಿಷ್ಯನ ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಅಪಾಯಗಳನ್ನು ಪಟ್ಟಿ ಮಾಡುವಾಗ ನಮ್ಮ ಸಮಿತಿಗಳಿಗೆ ಇರುವ ಉತ್ಸಾಹ ಅವಕಾಶಗಳನ್ನು ಎಣಿಸುವಾಗ ಬತ್ತಿಹೋಗುತ್ತದೆ.

ಹಾಗೆಂದು ಅಪಾಯಗಳು ಸಣ್ಣವಲ್ಲ. ನನ್ನ ಮನಸ್ಸನ್ನು ಬಹಳ ಕಲಕಿದ ಸಂಗತಿಯೊಂದನ್ನು ಹೇಳುತ್ತೇನೆ. ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು, ನನ್ನನ್ನು ತಾತ ಎಂದು ಕರೆಯುವವಳು, ಪದವಿಯ ಎರಡನೆಯ ವರ್ಷದಲ್ಲಿದ್ದಾಗ ನಡೆದದ್ದು. ಅವಳ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ. ಊರು, ಕಾಲೇಜುಗಳ ಹೆಸರು ಬೇಡ. ಯಾರೆಂದು ಊಹಿಸಿದ ನೆಂಟರು ಊಹೆಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳಲಿ. ಆಂತರಿಕ ಪರೀಕ್ಷೆಯ ಅಂಕಪಟ್ಟಿಯನ್ನು ಅಧ್ಯಾಪಕರೊಬ್ಬರು ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ, ಎಲ್ಲರ ಹೆಸರು ಸಮೇತ, ಇದ್ದದ್ದು ಇದ್ದಂತೆ ಹಾಕಿದರು. ಕಡಿಮೆ ಅಂಕದ ನಾಲ್ಕೈದು ಹೆಸರುಗಳಿಗೆ ಕೆಂಪು ಬಣ್ಣ. ಆ ವಾರ ಅವಳ ತಾಯಿ ಆಸ್ಪತ್ರೆಯಲ್ಲಿದ್ದರು, ಇವಳು ಓದಿರಲಿಲ್ಲ. ಸಂಜೆಯೊಳಗೆ ಆ ಪಟ್ಟಿ ಬೇರೆ ವಿಭಾಗದವರಿಗೆ, ಅವಳ ಪಿಯುಸಿ ಗೆಳತಿಯರಿಗೆ, ಅಲ್ಲಿಂದ ಬೀದಿಯ ಪರಿಚಿತರೊಬ್ಬರ ಮೊಬೈಲಿಗೆ ತಲುಪಿತ್ತು. ಮರುದಿನದಿಂದ, ಹೆಸರು ಗೊತ್ತಿಲ್ಲದ ಸಂಖ್ಯೆಯೊಂದರಿಂದ ರಾತ್ರಿ ಹನ್ನೊಂದರ ಮೇಲೆ ‘ಟ್ಯೂಷನ್ ಬೇಕಾ’ ಎಂಬ ವ್ಯಂಗ್ಯದ ಸಂದೇಶಗಳು. ಗುಂಪಿನಲ್ಲಿದ್ದವರಿಗೆಲ್ಲ ಎಲ್ಲರ ಫೋನ್ ಸಂಖ್ಯೆಯೂ ಕಾಣುತ್ತದಲ್ಲ! ಹತ್ತು ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ‘ತಾತ, ಅಂಕ ಕಡಿಮೆ ಬಂದದ್ದಕ್ಕೆ ನಾಚಿಕೆಯಿಲ್ಲ, ಅಮ್ಮ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಆ ಕೆಂಪು ಪಟ್ಟಿಯನ್ನು ನೋಡಿದಳಲ್ಲ, ಅದನ್ನು ಮರೆಯಲು ಆಗುತ್ತಿಲ್ಲ’ ಎಂದಳು. ತಾಯಿಗೆ ಅದನ್ನು ಕಳುಹಿಸಿದ್ದು ಹಿತೈಷಿಯೊಬ್ಬರು.

ಆ ಅಧ್ಯಾಪಕರು ದುಷ್ಟರಲ್ಲ. ಹಿಂದೆ ಸೂಚನಾಫಲಕಕ್ಕೆ ಅಂಕಪಟ್ಟಿಯನ್ನು ಅಂಟಿಸುತ್ತಿದ್ದ ಅಭ್ಯಾಸವನ್ನೇ ಮುಂದುವರಿಸಿದ್ದರು. ಆದರೆ ಫಲಕಕ್ಕೆ ತನ್ನದೇ ಆದ ಕರುಣೆಯಿತ್ತು. ಅದರ ಮುಂದೆ ನಿಲ್ಲಲು ಕಾಲೇಜಿನವರೆಗೆ ನಡೆದು ಬರಬೇಕಿತ್ತು. ಅನೇಕ ಕಡೆ ಹೆಸರಿರದೆ ನೋಂದಣಿ ಸಂಖ್ಯೆ ಮಾತ್ರವಿರುತ್ತಿತ್ತು. ಮೂರು ದಿನಕ್ಕೆ ಅದರ ಮೇಲೆ ಇನ್ನೊಂದು ಸೂಚನೆ ಅಂಟುತ್ತಿತ್ತು, ಮಳೆಗಾಲದಲ್ಲಿ ಎರಚಲಿಗೆ ಶಾಯಿ ಕದಡುತ್ತಿತ್ತು. ಫೇಲಾದವನಿಗೆ ಲೋಕ ಮರೆಯುವುದೆಂಬ ಭರವಸೆಯಿತ್ತು. ಇಂದಿನ ಪಟ್ಟಿ ಅಳಿಸಿದರೂ ಅಳಿಯದು. ಯಾರದೋ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ಪದ್ಧತಿ ಹಳೆಯದೇ ಆದರೂ ಅದು ಕುಳಿತಿರುವ ಜಾಗ ಬದಲಾದಾಗ ಅದರ ಗುಣವೇ ಬದಲಾಗುತ್ತದೆಂಬುದನ್ನು ಅಧ್ಯಾಪಕರಿಗೆ ಯಾರಾದರೂ ಹೇಳಿಕೊಡಬೇಕಲ್ಲವೇ? ನಾನು ಬಿ.ಎಡ್. ಓದುವಾಗ ಕಪ್ಪುಹಲಗೆಯ ಮೇಲೆ ಹೇಗೆ ಬರೆಯಬೇಕು, ಬರೆಯುವಾಗ ತರಗತಿಗೆ ಎಷ್ಟು ಬೆನ್ನು ತೋರಬೇಕು ಎಂಬುದಕ್ಕೂ ಪಾಠವಿತ್ತು. ವಾಟ್ಸ್ಯಾಪ್ ಗುಂಪೂ ಒಂದು ಹಲಗೆಯೇ. ಅದರ ಮೇಲೆ ಬರೆಯಲು ಕಲಿಸಿದವರು ಯಾರೂ ಇಲ್ಲ.

ಇಲ್ಲಿ ಸ್ವಲ್ಪ ತಾಂತ್ರಿಕ ತಿಳಿವಳಿಕೆಯಿಂದಲೇ ಅರ್ಧ ಕೆಲಸವಾಗುತ್ತದೆ. ನಿರ್ವಾಹಕರು ಮಾತ್ರ ಸಂದೇಶ ಹಾಕುವಂತೆ ಗುಂಪನ್ನು ಬಿಗಿಗೊಳಿಸುವ ಸೌಲಭ್ಯ ವಾಟ್ಸ್ಯಾಪ್‌ನಲ್ಲಿ ೨೦೧೮ರಿಂದಲೇ ಇದೆ. ತನ್ನನ್ನು ಯಾರು ಗುಂಪಿಗೆ ಸೇರಿಸಬಹುದೆಂದು ವಿದ್ಯಾರ್ಥಿಯೇ ನಿರ್ಧರಿಸಬಲ್ಲ ಏರ್ಪಾಡು ೨೦೧೯ರಲ್ಲಿ ಬಂತು. ೨೦೨೨ರಲ್ಲಿ ಬಂದ ‘ಕಮ್ಯುನಿಟಿ’ ಎಂಬ ವ್ಯವಸ್ಥೆಯ ಪ್ರಕಟಣೆಗಳ ಗುಂಪಿನಲ್ಲಿ ಸದಸ್ಯರ ಸಂಖ್ಯೆ ಪರಸ್ಪರರಿಗೆ ಕಾಣುವುದಿಲ್ಲ. ಇನ್ನೂರು ಹುಡುಗಿಯರ ಫೋನ್ ಸಂಖ್ಯೆಗಳನ್ನು ಬೀದಿಗೆ ಚೆಲ್ಲದೆ ಪರೀಕ್ಷೆಯ ವೇಳಾಪಟ್ಟಿಯನ್ನು ತಿಳಿಸಲು ಸಾಧ್ಯವಿದೆಯೆಂದರ್ಥ. ಗುಂಪಿನ ನಿರ್ವಾಹಕನಾದರೆ ಯಾರೋ ಹಾಕಿದ ಕೆಟ್ಟ ಸಂದೇಶಕ್ಕೆ ತಾನು ಜೈಲಿಗೆ ಹೋಗಬೇಕಾದೀತೆಂಬ ಭಯ ಅಧ್ಯಾಪಕರಲ್ಲಿ ವ್ಯಾಪಕವಾಗಿದೆ. ಬೇರೊಬ್ಬರು ಹಾಕಿದ್ದಕ್ಕೆ ನಿರ್ವಾಹಕನೆಂಬ ಒಂದೇ ಕಾರಣದಿಂದ ಹೊಣೆ ಹೊರಿಸಲಾಗದೆಂದು ೨೦೨೧ರಲ್ಲಿ ಬಾಂಬೆ ಉಚ್ಚ ನ್ಯಾಯಾಲಯವೂ ೨೦೨೨ರಲ್ಲಿ ಕೇರಳ ಉಚ್ಚ ನ್ಯಾಯಾಲಯವೂ ಹೇಳಿವೆ. ಇನ್ನು ಹಿರಿಯ ವಿದ್ಯಾರ್ಥಿಗಳು ಗುಂಪುಗಳ ಮೂಲಕ ಕಿರಿಯರನ್ನು ಪೀಡಿಸುವುದನ್ನೂ ರ‍್ಯಾಗಿಂಗ್ ಎಂದೇ ಪರಿಗಣಿಸಬೇಕೆಂದು ಯು.ಜಿ.ಸಿ. ೨೦೨೫ರಲ್ಲಿ ಸಂಸ್ಥೆಗಳಿಗೆ ಸೂಚಿಸಿದೆ. ಒಳ್ಳೆಯ ಮಾತು.

ಮೇಲ್ವಿಚಾರಣೆಯ ಹೆಸರಿನಲ್ಲಿ ಎಲ್ಲೆ ಮೀರುವುದೂ ಉಂಟು. ೨೦೧೯ರ ಜುಲೈ ತಿಂಗಳಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯದಿಂದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒಂದು ಪತ್ರ ಹೋಯಿತು: ಪ್ರತಿ ಸಂಸ್ಥೆಯೂ ಒಬ್ಬ ‘ಸೋಷಿಯಲ್ ಮೀಡಿಯಾ ಚಾಂಪಿಯನ್’ನನ್ನು ನೇಮಿಸಬೇಕು, ವಿದ್ಯಾರ್ಥಿಗಳ ಟ್ವಿಟರ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ಸಂಸ್ಥೆಯ ಮತ್ತು ಸಚಿವಾಲಯದ ಖಾತೆಗಳೊಡನೆ ಜೋಡಿಸಬೇಕು. ಒಳ್ಳೆಯ ಸಾಧನೆಗಳ ಪ್ರಚಾರ ಅದರ ಉದ್ದೇಶವೆಂದಿದ್ದರೂ, ಇದು ವಿದ್ಯಾರ್ಥಿಗಳ ಮೇಲೆ ಕಣ್ಣಿಡುವ ಉಪಾಯವೆಂಬ ಆಕ್ಷೇಪ ಎದ್ದಿತು. ಜೋಡಣೆ ಕಡ್ಡಾಯವಲ್ಲ, ಐಚ್ಛಿಕ ಎಂದು ಸಚಿವಾಲಯ ಸ್ಪಷ್ಟಪಡಿಸಿತು. ಆಕ್ಷೇಪಿಸಿದವರ ಕಡೆಗೇ ನನ್ನ ಒಲವು. ತರಗತಿಯಲ್ಲಿ ಹುಡುಗನ ಮೇಲೆ ನನ್ನ ಕಣ್ಣಿರಬೇಕು. ಅವನು ಗೆಳೆಯರೊಡನೆ ಮನೆಗೆ ನಡೆಯುವ ದಾರಿಯಲ್ಲಿ ಆಡುವ ಮಾತಿಗೆ ಕಿವಿಗೊಟ್ಟು ಹಿಂದೆ ಹೋಗುವುದು ಮೇಷ್ಟ್ರ ಕೆಲಸವಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇರಳದ ಉಚ್ಚ ನ್ಯಾಯಾಲಯ ನೀಡಿದ ತೀರ್ಪನ್ನು ವಿದ್ಯಾರ್ಥಿನಿಲಯಗಳ ವಾರ್ಡನ್‌ಗಳೆಲ್ಲ ಓದಬೇಕು. ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಸಂಜೆ ೬ರಿಂದ ರಾತ್ರಿ ೧೦ರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು. ಬಿ.ಎ. ವಿದ್ಯಾರ್ಥಿನಿಯೊಬ್ಬಳು ಒಪ್ಪದಿದ್ದಾಗ ಹಾಸ್ಟೆಲಿನಿಂದ ಹೊರಹಾಕಿದರು. ಅವಳು ನ್ಯಾಯಾಲಯಕ್ಕೆ ಹೋದಳು. ಅಂತರಜಾಲದ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿದ ನ್ಯಾಯಾಲಯ, ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆರು ತಿಂಗಳು ಕಳೆಯುವುದರೊಳಗೆ ಕೊರೊನಾ ಬಂದು, ಮೊಬೈಲನ್ನು ಕಸಿದುಕೊಳ್ಳುತ್ತಿದ್ದ ಕಾಲೇಜುಗಳೇ ‘ಮೊಬೈಲ್ ಹಿಡಿದು ಪಾಠ ಕೇಳಿ’ ಎಂದು ಗೋಗರೆಯಬೇಕಾಯಿತು!

ಇದನ್ನು ಹೇಳುವಾಗ ನನ್ನ ಶಿಷ್ಯ ೨೦೧೨ರ ಆಗಸ್ಟನ್ನು ನೆನಪಿಸಿದ. ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುವುದೆಂಬ ಗಾಳಿಸುದ್ದಿ ಎಸ್ಸೆಮ್ಮೆಸ್ಸುಗಳ ಮೂಲಕ, ಜಾಲತಾಣಗಳ ಮೂಲಕ ಹಬ್ಬಿ, ಬೆಂಗಳೂರಿನಿಂದ ಸಾವಿರಾರು ಮಂದಿ, ಅವರಲ್ಲಿ ಎಷ್ಟೋ ವಿದ್ಯಾರ್ಥಿಗಳು, ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಹಲವರಿಗೆ ಒಟ್ಟಾಗಿ ಕಳುಹಿಸುವ ಎಸ್ಸೆಮ್ಮೆಸ್ಸುಗಳಿಗೆ ಕೇಂದ್ರ ಸರ್ಕಾರ ಕೆಲಕಾಲ ಐದರ ಮಿತಿ ಹಾಕಿತು. ‘ಸಾರ್, ಅಂಥ ರಾತ್ರಿ ಹಾಸ್ಟೆಲಿನ ಹುಡುಗ ಯಾರ ಮಾತನ್ನು ನಂಬಬೇಕು? ಹೆದರಿಸುವ ಸಂದೇಶ ಅವನ ಕೈಯಲ್ಲಿದೆ, ನಮ್ಮ ಸುತ್ತೋಲೆ ಮರುದಿನ ಹನ್ನೊಂದಕ್ಕೆ ಸಹಿಯಾಗುತ್ತದೆ’ ಎಂದ. ಆ ಮಾತಿಗೆ ನಾನು ತಲೆದೂಗಿದೆ. ವಿಶ್ವವಿದ್ಯಾನಿಲಯಕ್ಕೂ ಅದೇ ಜಾಲದಲ್ಲಿ ಒಂದು ಅಧಿಕೃತ ದನಿ ಬೇಕು. ಅದು ಗಲಭೆಯ ದಿನ ಮಾತ್ರ ಕೇಳಿಸಿದರೆ ಯಾರೂ ನಂಬರು, ಬಸ್ಸಿನ ಸಮಯ, ಶುಲ್ಕದ ಕೊನೆಯ ದಿನಾಂಕಗಳನ್ನು ವರ್ಷವಿಡೀ ಸರಿಯಾಗಿ ಹೇಳುತ್ತ ಬಂದಿರಬೇಕು.

ಸಂಜೆಯ ಹೊತ್ತಿಗೆ ನಾಲ್ಕು ಪುಟ ಎರಡಕ್ಕಿಳಿದಿತ್ತು. ಹೆಸರಿನೊಡನೆ ಅಂಕ, ಹಾಜರಾತಿ, ಶುಲ್ಕ ಬಾಕಿಗಳನ್ನು ಯಾವ ಗುಂಪಿನಲ್ಲಿಯೂ ಹಾಕತಕ್ಕದ್ದಲ್ಲ. ಕೋರ್ಸಿನ ಗುಂಪು ಕೋರ್ಸಿನೊಂದಿಗೇ ಮುಚ್ಚತಕ್ಕದ್ದು. ಸ್ಮಾರ್ಟ್‌ಫೋನ್ ಇಲ್ಲದವನೂ ವಿದ್ಯಾರ್ಥಿಯೇ ಆದ್ದರಿಂದ ಪ್ರತಿ ಸೂಚನೆಯೂ ಗೋಡೆಯ ಫಲಕದಲ್ಲಿಯೂ ಇರತಕ್ಕದ್ದು. ಹುಡುಗರ ಸ್ವಂತ ಗುಂಪುಗಳಿಗೆ, ಯಾರಾದರೂ ದೂರು ಕೊಡದ ಹೊರತು, ಸಂಸ್ಥೆ ಇಣುಕತಕ್ಕದ್ದಲ್ಲ. ದೂರು ಕೊಡಬೇಕಾದ ಇಬ್ಬರ ಹೆಸರು, ಅವರಲ್ಲಿ ಒಬ್ಬರು ಮಹಿಳೆ, ಎಲ್ಲರಿಗೂ ಗೊತ್ತಿರತಕ್ಕದ್ದು. ಪಿಯುಸಿ ಮುಗಿಸಿ ಬರುವವರಲ್ಲಿ ಹದಿನೇಳರವರೂ ಇರುತ್ತಾರೆ; ವೈಯಕ್ತಿಕ ದತ್ತಾಂಶ ಕುರಿತ ೨೦೨೩ರ ಕಾಯಿದೆಯಂತೆ ಹದಿನೆಂಟು ತುಂಬದವರು ಮಕ್ಕಳೇ ಆದ್ದರಿಂದ, ಅವರ ಭಾವಚಿತ್ರಗಳನ್ನು ಸಂಸ್ಥೆಯ ಪ್ರಚಾರಕ್ಕೆ ಬಳಸುವ ಮುನ್ನ ಪೋಷಕರನ್ನು ಕೇಳತಕ್ಕದ್ದು. ಕನ್ನಡ ವಿಭಾಗದವರು ಒಂದು ಅರ್ಧವರ್ಷ, ಇಪ್ಪತ್ತಕ್ಕೆ ಮೀರದ ವಿದ್ಯಾರ್ಥಿಗಳೊಡನೆ, ವಿಕಿಪೀಡಿಯಾ ಬರವಣಿಗೆಯನ್ನು ಪ್ರಯೋಗಿಸಿ ನೋಡಬಹುದೆಂಬ ಸಾಲನ್ನು ಆತ ತಾನಾಗಿಯೇ ಸೇರಿಸಿದ. ‘ಕೂಡದು’ ಪೂರ್ತಿ ಹೋಗಲಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಈಗ ಅಧ್ಯಾಪಕರ ಪಾಲಿಗೆ ಬಂದಿತ್ತು.

ಸಮಿತಿ ಬಹುಪಾಲನ್ನು ಒಪ್ಪಿತಂತೆ. ಒಂದು ವಾಕ್ಯವನ್ನು ಮಾತ್ರ ಹೊಡೆದುಹಾಕಿತು: ರಾತ್ರಿ ಒಂಬತ್ತರ ಬಳಿಕ ಅಧ್ಯಾಪಕರು ವಿದ್ಯಾರ್ಥಿಗಳಿಗೆ ವೈಯಕ್ತಿಕ ಸಂದೇಶ ಕಳುಹಿಸತಕ್ಕದ್ದಲ್ಲ ಎಂಬುದು. ಅದು ಪ್ರಾಧ್ಯಾಪಕರ ಗೌರವಕ್ಕೆ ಕುಂದು ಎಂದು ಹಿರಿಯರೊಬ್ಬರು ಆಕ್ಷೇಪಿಸಿದರಂತೆ. ಮುಂದಿನ ಸಭೆ ಬರುವ ತಿಂಗಳು. ಆ ವಾಕ್ಯವನ್ನು ಮತ್ತೆ ಮಂಡಿಸುವೆನೆಂದು ಅವನು ನಿನ್ನೆ ಫೋನ್ ಮಾಡಿ ಹೇಳಿದ. ಈ ಬಾರಿ ಇಬ್ಬರು ಅಧ್ಯಾಪಕಿಯರು ಅವನ ಜೊತೆ ಸಹಿ ಹಾಕಿದ್ದಾರೆ.